ಲಸಿಕೆ ಬರುವ ಮೊದಲು ಮಾತು ಬರಬೇಕು

(ನಮ್ಮ ಊರಿನ ಕನ್ನಡ ಸಂಘದ ಆರೋಗ್ಯ ದಿನದಂದು ಆಡಿದ ಮಾತುಗಳ ಬರಹ ರೂಪ. ಅಂದು ಬರಲಾಗದ ಗೆಳೆಯರು ಕೇಳಿದ್ದರಿಂದ ಇಲ್ಲಿ ಕೊಡುತ್ತಿದ್ದೇನೆ.)



ನನಗಿಂತ ಮೊದಲು ಮಾತಾಡಿದ ಡಾಕ್ಟರು ಸಕ್ಕರೆ ಕಾಯಿಲೆ ಬಗ್ಗೆ ಮುಕ್ಕಾಲು ಗಂಟೆ ಹೇಳಿದರು. ಯಾರೂ ಕದಲಲಿಲ್ಲ. ನನ್ನ ವಿಷಯ ಎಚ್.ಐ.ವಿ. ಲಸಿಕೆ ಅಂತ ಗೊತ್ತಾದ ಕೂಡಲೇ ಹಿಂದಿನ ಸಾಲಿನಿಂದ ಇಬ್ಬರು ಎದ್ದು ಮಕ್ಕಳ ಕೈ ಹಿಡಿದು ಹೊರಗೆ ನಡೆದರು. ಅವರ ಮೇಲೆ ನನಗೆ ಬೇಸರವಿಲ್ಲ. ಈ ಕಾಯಿಲೆಯ ಹೆಸರು ಕೇಳಿದರೆ ನಾವು ಎದ್ದು ಹೋಗುತ್ತೇವಲ್ಲ, ಅದಕ್ಕೂ ಲಸಿಕೆಗೂ ಏನು ಸಂಬಂಧ ಅನ್ನುವುದೇ ನನ್ನ ಇವತ್ತಿನ ಮಾತು.

ಮೊದಲೇ ಹೇಳಿಬಿಡುತ್ತೇನೆ, ನಾನು ಡಾಕ್ಟರಲ್ಲ, ವಿಜ್ಞಾನಿಯೂ ಅಲ್ಲ. ನಿಮ್ಮಲ್ಲಿ ಬಹಳ ಜನರಂತೆ ಇಂಜಿನಿಯರಿಂಗ್ ಓದಿ, ವೀಸಾ ಹಿಡಿದು ಬಂದು, ಸಾಫ್ಟ್‌ವೇರ್ ಕೆಲಸ ಮಾಡುತ್ತಿರುವವನು. ಆದರೆ ಎಲ್ಲರಿಗೂ ಸಿಗುವ ಮಾಹಿತಿಯನ್ನು ಓದಿಕೊಂಡು, ಅದನ್ನು ಕನ್ನಡದಲ್ಲಿ ಹೇಳುವುದಕ್ಕೆ ಡಾಕ್ಟರೇ ಆಗಬೇಕಾಗಿಲ್ಲ ಎನ್ನುವುದು ನನ್ನ ನಂಬಿಕೆ.

ಹೋದ ವಾರ ದಾವಣಗೆರೆಗೆ ಫೋನ್ ಮಾಡಿದಾಗ ಅಮ್ಮನಿಗೆ ಈ ಭಾಷಣದ ವಿಷಯ ಹೇಳಿದೆ. "ಅಲ್ಲಪ್ಪಾ, ಮಾತಾಡೋಕೆ ಬೇರೆ ವಿಷಯನೇ ಸಿಗಲಿಲ್ವಾ ನಿಂಗೆ? ಮದುವೆ ಆಗಿರೋನು, ಜನ ಏನು ಅಂದ್ಕೋತಾರೆ?" ಅಂದರು. ಹತ್ತು ನಿಮಿಷ ಬೈದ ಮೇಲೆ ಅವರೇ ಮೆಲ್ಲಗೆ ಕೇಳಿದರು: "ಹೌದೂ, ಕೊರೋನಾಗೆ ಒಂದೇ ವರ್ಷದಲ್ಲಿ ಲಸಿಕೆ ಬಂತಲ್ಲ, ಇದಕ್ಕೆ ಯಾಕೋ ಇನ್ನೂ ಬಂದಿಲ್ಲ?"

ಸ್ನೇಹಿತರೆ, ಇದಕ್ಕಿಂತ ಒಳ್ಳೆಯ ಪ್ರಶ್ನೆ ಇಲ್ಲ. ಅಲ್ಲಿಂದಲೇ ಶುರು ಮಾಡೋಣ.

ಇನ್ನೂ ಯಾಕೆ ಬಂದಿಲ್ಲ?

ಏಡ್ಸ್‌ಗೆ ಕಾರಣವಾದ ವೈರಾಣುವನ್ನು ಪ್ಯಾರಿಸ್ಸಿನ ಪಾಶ್ಚರ್ ಸಂಸ್ಥೆಯವರು ಕಂಡುಹಿಡಿದದ್ದು 1983ರಲ್ಲಿ. ಮರುವರ್ಷವೇ, 1984ರಲ್ಲಿ, ಅಮೆರಿಕದ ಆಗಿನ ಆರೋಗ್ಯ ಸಚಿವೆ ಮಾರ್ಗರೆಟ್ ಹೆಕ್ಲರ್, ಸುಮಾರು ಎರಡು ವರ್ಷದಲ್ಲಿ ಲಸಿಕೆಯೊಂದು ಪರೀಕ್ಷೆಗೆ ಸಿದ್ಧವಾಗಬಹುದು ಎಂದರು. 1997ರ ಮೇ 18ರಂದು ಅಧ್ಯಕ್ಷ ಬಿಲ್ ಕ್ಲಿಂಟನ್ ಹತ್ತು ವರ್ಷದ ಗುರಿ ಹಾಕಿದರು. ಆ ದಿನದ ನೆನಪಿಗೇ ಪ್ರತಿ ವರ್ಷ ಮೇ 18 ಅನ್ನು ಎಚ್.ಐ.ವಿ. ಲಸಿಕೆ ಜಾಗೃತಿ ದಿನ ಎಂದು ಆಚರಿಸುತ್ತಾರೆ. ಆ ಹತ್ತು ವರ್ಷವೂ ಮುಗಿಯಿತು, ಆಮೇಲೆ ಇನ್ನೂ ಹತ್ತು ವರ್ಷವೂ ಕಳೆಯಿತು. ಲಸಿಕೆ ಬರಲಿಲ್ಲ.

ಕಾರಣ ವಿಜ್ಞಾನಿಗಳ ಸೋಮಾರಿತನವೂ ಅಲ್ಲ, ಔಷಧಿ ಕಂಪನಿಗಳ ಪಿತೂರಿಯೂ ಅಲ್ಲ. ದಡಾರ ಬಂದವರಲ್ಲಿ ಹೆಚ್ಚಿನವರು ತಾವೇ ಗುಣವಾಗುತ್ತಾರೆ, ಮತ್ತೆ ಅವರಿಗೆ ಅದು ಬರುವುದಿಲ್ಲ. ಅಂದರೆ ಆ ವೈರಾಣುವನ್ನು ಸೋಲಿಸುವ ದಾರಿ ನಮ್ಮ ಮೈಗೆ ಗೊತ್ತಿದೆ. ಲಸಿಕೆ ಮಾಡುವ ಕೆಲಸ, ಕಾಯಿಲೆ ಬರುವ ಮೊದಲೇ ಆ ಪಾಠ ಹೇಳಿಕೊಡುವುದು. ಕೊರೋನಾ ವಿಷಯದಲ್ಲೂ ಹಾಗೆಯೇ ಆಯಿತು. ಎಚ್.ಐ.ವಿ.ಯನ್ನಾದರೋ ಮೈ ತಾನಾಗಿ ಹೊರಹಾಕಿದ ಉದಾಹರಣೆ ಅತ್ಯಂತ ಅಪರೂಪ. ನಕಲು ಮಾಡಲು ಮಾದರಿಯೇ ಇಲ್ಲದ ಪರೀಕ್ಷೆ ಇದು!

ಎರಡನೆಯದು, ಈ ವೈರಾಣು ತನ್ನ ಪ್ರತಿಗಳನ್ನು ಮಾಡಿಕೊಳ್ಳುವ ರೀತಿ. ನಾವು ಕೋಡ್ ಬರೆದರೆ ಯಾರಾದರೂ ರಿವ್ಯೂ ಮಾಡುತ್ತಾರೆ, ಟೆಸ್ಟಿಂಗ್ ಆಗುತ್ತದೆ. ಎಚ್.ಐ.ವಿ.ಗೆ ತಪ್ಪು ತಿದ್ದುವ ವ್ಯವಸ್ಥೆಯೇ ಇಲ್ಲ. ಪ್ರತಿ ಸಲ ನಕಲು ಮಾಡುವಾಗಲೂ ತಪ್ಪುಗಳು ನುಸುಳುತ್ತವೆ, ಆ ತಪ್ಪುಗಳಿಂದಲೇ ಹೊಸ ಹೊಸ ರೂಪಗಳು ಹುಟ್ಟುತ್ತವೆ. ಒಂದು ರೂಪವನ್ನು ನಮ್ಮ ರೋಗನಿರೋಧಕ ಶಕ್ತಿ ಗುರುತಿಸುವಷ್ಟರಲ್ಲಿ ಅದು ವೇಷ ಬದಲಿಸಿರುತ್ತದೆ.

ಮೂರನೆಯದು, ಅದರ ಮೇಲ್ಮೈ ತುಂಬಾ ಸಕ್ಕರೆಯ ಕಣಗಳ ಹೊದಿಕೆ. ಆ ಸಕ್ಕರೆ ನಮ್ಮ ಮೈಯದೇ ಆದ್ದರಿಂದ ನಮ್ಮ ಕಾವಲುಗಾರರು 'ಇದು ನಮ್ಮದೇ' ಅಂತ ಬಿಟ್ಟುಬಿಡುತ್ತಾರೆ. ನಾಲ್ಕನೆಯದು, ಒಳಗೆ ಹೊಕ್ಕ ಕೆಲವೇ ದಿನಗಳಲ್ಲಿ ಅದು ನಮ್ಮ ಜೀವಕೋಶದ ಡಿ.ಎನ್.ಎ.ಯೊಳಗೇ ಸೇರಿಕೊಂಡು ನಿದ್ದೆ ಹೋಗಬಲ್ಲದು. ಆಮೇಲೆ ಹುಡುಕಿ ತೆಗೆಯುವುದು ಕಷ್ಟ. ಆದ್ದರಿಂದ ಲಸಿಕೆ ಬಾಗಿಲಲ್ಲೇ ತಡೆಯಬೇಕು.

ಇಷ್ಟನ್ನು ಫೋನಿನಲ್ಲಿ ಹೇಳಿದಾಗ ಅಮ್ಮ, "ಅಬ್ಬಾ, ಕಳ್ಳ ಮನೆಯವನ ಬಟ್ಟೆ ಹಾಕ್ಕೊಂಡು ಬಂದಂಗಾಯ್ತು" ಅಂದರು. ನಾನು ಎರಡು ಪುಟದಲ್ಲಿ ಹೇಳಿದ್ದನ್ನು ಅವರು ಒಂದು ಸಾಲಿನಲ್ಲಿ ಮುಗಿಸಿದರು. ಕನ್ನಡದಲ್ಲಿ ಹೇಳಿದರೆ ಅರ್ಥವಾಗುವುದಿಲ್ಲ ಅನ್ನುವವರು ಇದನ್ನು ಗಮನಿಸಬೇಕು.

ಸೋಲುಗಳ ಲೆಕ್ಕ

ಈ ಸಂಶೋಧನೆಯ ಬಗ್ಗೆ ನಮ್ಮ ಪತ್ರಿಕೆಗಳಲ್ಲಿ ಎರಡೇ ಬಗೆಯ ಸುದ್ದಿ ಬರುತ್ತದೆ: "ಏಡ್ಸ್‌ಗೆ ಲಸಿಕೆ ಸಿದ್ಧ!" ಅಥವಾ "ಏಡ್ಸ್ ಲಸಿಕೆ ವಿಫಲ!" ಇವೆರಡರ ನಡುವೆ ಏನಾಯಿತು ಅನ್ನುವುದು ಯಾರಿಗೂ ತಿಳಿಯುವುದಿಲ್ಲ. ಜನ ಮೊದಲ ಸುದ್ದಿ ನಂಬಿ ಮೋಸ ಹೋಗುತ್ತಾರೆ, ಎರಡನೆಯದನ್ನು ನಂಬಿ ಕೈಬಿಡುತ್ತಾರೆ. ಆದ್ದರಿಂದ ಸೋಲುಗಳನ್ನೇ ಸ್ವಲ್ಪ ಎಣಿಸೋಣ.

2003ರಲ್ಲಿ ವ್ಯಾಕ್ಸ್‌ಜೆನ್ ಕಂಪನಿಯ ಲಸಿಕೆ ದೊಡ್ಡ ಪರೀಕ್ಷೆಗಳಲ್ಲಿ ಸೋತಿತು. 2007ರಲ್ಲಿ ಮರ್ಕ್ ಕಂಪನಿಯ ಲಸಿಕೆಯ ಪರೀಕ್ಷೆಯನ್ನು ನಡುವಿನಲ್ಲೇ ನಿಲ್ಲಿಸಿದರು. ಅದು ರಕ್ಷಣೆ ಕೊಡಲಿಲ್ಲ. ಅಷ್ಟೇ ಅಲ್ಲ, ಲಸಿಕೆ ಪಡೆದ ಕೆಲವು ಗಂಡಸರಲ್ಲಿ ಸೋಂಕು ಹೆಚ್ಚಾಗಿಯೇ ಕಂಡಿತು. ಇದನ್ನು ಮುಚ್ಚಿಡಲಿಲ್ಲ, ಪರೀಕ್ಷೆಯಲ್ಲಿದ್ದವರಿಗೂ ಜಗತ್ತಿಗೂ ತಿಳಿಸಿದರು.

2009ರಲ್ಲಿ ಥಾಯ್ಲೆಂಡ್‌ನಿಂದ ಬಂದ ಸುದ್ದಿ ಎಲ್ಲರನ್ನೂ ಎಬ್ಬಿಸಿ ಕೂರಿಸಿತು. ಅಲ್ಲಿ 16,402 ಜನ ಸ್ವಯಂಸೇವಕರು ಸೇರಿದ್ದರು. ಅರ್ಧದಷ್ಟು ಜನರಿಗೆ ಲಸಿಕೆ, ಉಳಿದರ್ಧಕ್ಕೆ ಹುಸಿಮದ್ದು, ಅಂದರೆ ಔಷಧಿಯೇ ಇಲ್ಲದ ಚುಚ್ಚುಮದ್ದು. ಯಾರಿಗೆ ಯಾವುದು ಅಂತ ಕೊಟ್ಟವರಿಗೂ ಗೊತ್ತಿಲ್ಲ, ತೆಗೆದುಕೊಂಡವರಿಗೂ ಗೊತ್ತಿಲ್ಲ. ಕೊನೆಗೆ ಲೆಕ್ಕ ಹಾಕಿದಾಗ ಹುಸಿಮದ್ದಿನ ಗುಂಪಿನಲ್ಲಿ 74 ಜನರಿಗೆ ಸೋಂಕು ತಗುಲಿತ್ತು, ಲಸಿಕೆಯ ಗುಂಪಿನಲ್ಲಿ 51 ಜನರಿಗೆ. ಅಂದರೆ ಶೇಕಡಾ 31ರಷ್ಟು ರಕ್ಷಣೆ. ಲಸಿಕೆಯಾಗಿ ಬಳಸಲು ಇದು ಸಾಲದು. ಆದರೆ 'ಸಾಧ್ಯವೇ ಇಲ್ಲ' ಅನ್ನುವವರಿಗೆ ಉತ್ತರ ಸಿಕ್ಕಿತು.

ಅದೇ ದಾರಿಯನ್ನು ಸುಧಾರಿಸಿ ದಕ್ಷಿಣ ಆಫ್ರಿಕದಲ್ಲಿ 5,400ಕ್ಕೂ ಹೆಚ್ಚು ಜನರೊಂದಿಗೆ ಪರೀಕ್ಷೆ ಮಾಡಿದರು. 2020ರ ಫೆಬ್ರವರಿಯಲ್ಲಿ ನೋಡಿದಾಗ ಲಸಿಕೆ ಗುಂಪಿನಲ್ಲಿ 129 ಸೋಂಕು, ಹುಸಿಮದ್ದಿನ ಗುಂಪಿನಲ್ಲಿ 123. ಅಲ್ಲಿಗೆ ನಿಲ್ಲಿಸಿದರು. 2021ರಲ್ಲಿ ಆಫ್ರಿಕದ ಹೆಣ್ಣುಮಕ್ಕಳ ನಡುವೆ ನಡೆಯುತ್ತಿದ್ದ ಇಂಬೊಕೊಡೊ ಪರೀಕ್ಷೆಯಲ್ಲಿ ಫಲ ಕಾಣಲಿಲ್ಲ. 2023ರ ಜನವರಿಯಲ್ಲಿ ಅಮೆರಿಕ ಮತ್ತು ಯೂರೋಪ್ ಖಂಡಗಳಲ್ಲಿ ನಡೆಯುತ್ತಿದ್ದ ಮೊಸಾಯಿಕೊ ಪರೀಕ್ಷೆಯೂ ನಿಂತಿತು.

ಇಷ್ಟೊಂದು ಸೋಲು ಕೇಳಿ ಬೇಜಾರಾಯಿತೆ? ನಮ್ಮ ಕೆಲಸದಲ್ಲಿ ಒಂದು ಬಿಲ್ಡ್ ಒಡೆದರೆ ಲಾಗ್ ನೋಡಿ ಎಲ್ಲಿ ಒಡೆಯಿತು ಅಂತ ತಿಳಿದುಕೊಳ್ಳುತ್ತೇವೆ. ಅಲ್ಲಿ ಒಂದೊಂದು ಲಾಗ್‌ಗೂ ಐದಾರು ವರ್ಷ, ಸಾವಿರಾರು ಜನರ ತೋಳು, ಸಾವಿರಾರು ಜನರ ರಕ್ತ ಬೇಕು. ಆ ತೋಳು ಕೊಟ್ಟವರು ನಮ್ಮ ನಿಮ್ಮಂಥ ಆರೋಗ್ಯವಂತರು ಅನ್ನುವುದನ್ನು ಮಾತ್ರ ಮರೆಯಬಾರದು.

ಅಕ್ಷರಾಭ್ಯಾಸದ ದಾರಿ

ಈಗ ನಡೆಯುತ್ತಿರುವುದೇನು? ಎಚ್.ಐ.ವಿ. ಇರುವ ಕೆಲವರ ಮೈಯಲ್ಲಿ ಕೆಲವು ವರ್ಷಗಳಾದ ಮೇಲೆ ಬಹಳ ಶಕ್ತಿಯುತವಾದ ಪ್ರತಿಕಾಯಗಳು ಹುಟ್ಟುತ್ತವೆ. ವೈರಾಣು ಎಷ್ಟು ವೇಷ ಹಾಕಿದರೂ ಅದರಲ್ಲಿ ಬದಲಾಗದ ಕೆಲವು ಜಾಗಗಳಿರುತ್ತವೆ. ಆ ಜಾಗಕ್ಕೇ ಇವು ಕಚ್ಚಿಕೊಳ್ಳುತ್ತವೆ. ಆದರೆ ಅಷ್ಟರಲ್ಲಿ ತಡವಾಗಿರುತ್ತದೆ. ಇಂಥ ಪ್ರತಿಕಾಯಗಳನ್ನು ಆರೋಗ್ಯವಂತರ ಮೈಯಲ್ಲಿ ಮೊದಲೇ ಹುಟ್ಟಿಸಲು ಸಾಧ್ಯವೆ? ಒಂದೇ ಚುಚ್ಚುಮದ್ದಿನಿಂದ ಸಾಧ್ಯವಿಲ್ಲ. ಹಂತ ಹಂತವಾಗಿ ಕಲಿಸಬೇಕು.

ಮಗುವನ್ನು ಮೊದಲ ದಿನವೇ ಕಾವ್ಯ ಓದು ಅಂತ ಕೂರಿಸುತ್ತೇವೆಯೆ? ಅಕ್ಕಿಯಲ್ಲಿ ಬೆರಳಿಟ್ಟು ಅ ಆ ಇ ಈ ತಿದ್ದಿಸುತ್ತೇವೆ, ಆಮೇಲೆ ಕಾಗುಣಿತ, ಆಮೇಲೆ ಒತ್ತಕ್ಷರ. ಹಾಗೆಯೇ ಇಲ್ಲಿ ಮೊದಲ ಲಸಿಕೆ ಸರಿಯಾದ ಜೀವಕೋಶಗಳನ್ನು ಹುಡುಕಿ ಎಬ್ಬಿಸುತ್ತದೆ. ಮುಂದಿನ ಲಸಿಕೆಗಳು ಅವುಗಳನ್ನು ಒಂದೊಂದೇ ಮೆಟ್ಟಿಲು ಹತ್ತಿಸಬೇಕು. ಸ್ಕ್ರಿಪ್ಸ್ ಸಂಶೋಧನಾ ಸಂಸ್ಥೆಯ ವಿಲಿಯಂ ಶೀಫ್ ಮತ್ತು ಐ.ಎ.ವಿ.ಐ. ಎಂಬ ಅಂತರರಾಷ್ಟ್ರೀಯ ಸಂಸ್ಥೆಯವರು ಮೊದಲ ಮೆಟ್ಟಿಲಿನ ಪರೀಕ್ಷೆ ಮಾಡಿದರು. 2022ರ ಡಿಸೆಂಬರಿನಲ್ಲಿ ಫಲಿತಾಂಶ ಪ್ರಕಟವಾಯಿತು. ಲಸಿಕೆ ಪಡೆದ 36 ಜನರಲ್ಲಿ 35 ಜನರಲ್ಲಿ ಬೇಕಾದ ಜೀವಕೋಶಗಳು ಎಚ್ಚೆತ್ತಿದ್ದವು. 2025ರಲ್ಲಿ ಅಮೆರಿಕ, ರುವಾಂಡ ಮತ್ತು ದಕ್ಷಿಣ ಆಫ್ರಿಕದಲ್ಲಿ ಎಂ.ಆರ್.ಎನ್.ಎ. ತಂತ್ರದಿಂದ ಮಾಡಿದ ಪರೀಕ್ಷೆಗಳ ಫಲಿತಾಂಶವೂ ಆಶಾದಾಯಕವಾಗಿ ಬಂತು. ಜೊತೆಗೆ ಕೆಲವರಿಗೆ ಚರ್ಮದ ಮೇಲೆ ದದ್ದು, ತುರಿಕೆ ಬಂದದ್ದನ್ನೂ ಬರೆದರು.

ಇದು ಅಕ್ಷರಾಭ್ಯಾಸ ಅಷ್ಟೇ, ಕಾವ್ಯ ಇನ್ನೂ ದೂರ. ಯಾರಾದರೂ ನಿಮಗೆ "ಲಸಿಕೆ ಬಂದೇಬಿಡ್ತು" ಅಂತ ಮೆಸೇಜು ಕಳಿಸಿದರೆ ಇಷ್ಟನ್ನು ಅವರಿಗೆ ಹೇಳಿ.

ತೋಳು ಕೊಡುವವರು ಯಾರು?

ಈ ಪರೀಕ್ಷೆಗಳು ಬರೀ ಹೊರದೇಶದ ಕಥೆಯಲ್ಲ. ಭಾರತದಲ್ಲಿ ಎಚ್.ಐ.ವಿ. ಮೊದಲು ಪತ್ತೆಯಾದದ್ದು 1986ರಲ್ಲಿ, ಚೆನ್ನೈನಲ್ಲಿ. ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ಆ ಕೆಲಸ ಮಾಡಿದರು. ಭಾರತದ ಮೊದಲ ಎಚ್.ಐ.ವಿ. ಲಸಿಕೆ ಪರೀಕ್ಷೆ 2005ರಲ್ಲಿ ಪುಣೆಯ ರಾಷ್ಟ್ರೀಯ ಏಡ್ಸ್ ಸಂಶೋಧನಾ ಸಂಸ್ಥೆಯಲ್ಲಿ 30 ಸ್ವಯಂಸೇವಕರೊಂದಿಗೆ ನಡೆಯಿತು. ಮರುವರ್ಷ ಚೆನ್ನೈನಲ್ಲಿ ಇನ್ನೊಂದು ನಡೆಯಿತು. ಅದನ್ನು ಭಾರತದಲ್ಲಿ ಹೆಚ್ಚಾಗಿರುವ 'ಸಿ' ಬಗೆಯ ವೈರಾಣುವಿಗೆಂದೇ ಮಾಡಿದ್ದರು. ಅವೆರಡೂ ಲಸಿಕೆಯಾಗಿ ಮುಂದೆ ಬರಲಿಲ್ಲ. ಆದರೆ ಆ ಊರುಗಳಲ್ಲಿ ಮನೆಯವರ, ನೆಂಟರ ಮಾತನ್ನು ಎದುರಿಸಿ ಮುಂದೆ ಬಂದವರನ್ನು ನಾನು ನಿಜವಾದ ಧೈರ್ಯಶಾಲಿಗಳು ಅನ್ನುತ್ತೇನೆ.

ಈಗ ನಿಮ್ಮ ಮನಸ್ಸಿನಲ್ಲಿರುವ ಪ್ರಶ್ನೆ: ಲಸಿಕೆಯಿಂದಲೇ ಎಚ್.ಐ.ವಿ. ಬಂದುಬಿಟ್ಟರೆ? ಬರುವುದಿಲ್ಲ. ಈ ಪರೀಕ್ಷಾ ಲಸಿಕೆಗಳಲ್ಲಿ ಇಡೀ ವೈರಾಣು ಇರುವುದಿಲ್ಲ, ಪ್ರಯೋಗಾಲಯದಲ್ಲಿ ಮಾಡಿದ ಅದರ ಒಂದು ತುಣುಕಿನ ಮಾದರಿ ಮಾತ್ರ ಇರುತ್ತದೆ. ಇನ್ನೊಂದು ತಪ್ಪು ತಿಳಿವಳಿಕೆ, ಪರೀಕ್ಷೆಗಾಗಿ ಜನರಿಗೆ ಬೇಕೆಂದೇ ವೈರಾಣು ತಗುಲಿಸುತ್ತಾರೆ ಅನ್ನುವುದು. ಅದೂ ಸುಳ್ಳು. ಸೇರಿದ ಎಲ್ಲರಿಗೂ ಸೋಂಕಿನಿಂದ ದೂರವಿರುವುದು ಹೇಗೆಂದು ಹೇಳಿಕೊಡುತ್ತಾರೆ, ಅದಕ್ಕೆ ಬೇಕಾದ ನೆರವು ಕೊಡುತ್ತಾರೆ.

ಆದರೆ ಒಂದು ನಿಜವಾದ ತೊಂದರೆ ಇದೆ. ನಮ್ಮಂಥ ವಲಸಿಗರು ಅದನ್ನು ತಿಳಿದಿರಬೇಕು. ಲಸಿಕೆ ಕೆಲಸ ಮಾಡಿದರೆ ಮೈಯಲ್ಲಿ ಪ್ರತಿಕಾಯ ಹುಟ್ಟುತ್ತದೆ. ಸಾಮಾನ್ಯ ಎಚ್.ಐ.ವಿ. ಪರೀಕ್ಷೆ ಹುಡುಕುವುದೂ ಅದನ್ನೇ. ಹಾಗಾಗಿ ಸೋಂಕೇ ಇಲ್ಲದ ಸ್ವಯಂಸೇವಕನ ವರದಿ 'ಪಾಸಿಟಿವ್' ಅಂತ ಬರಬಹುದು. ಕೊಲ್ಲಿ ದೇಶಗಳಲ್ಲಿ ಕೆಲಸಕ್ಕಿರುವ ನಮ್ಮವರಿಗೆ ವಾಸದ ವೀಸಾಗೆ ಈ ಪರೀಕ್ಷೆ ಕಡ್ಡಾಯ. ಪಾಸಿಟಿವ್ ಎಂದರೆ ವಾಪಸು ವಿಮಾನ. ಅಮೆರಿಕದಲ್ಲಿ 2010ರ ಜನವರಿಯವರೆಗೂ ಎಚ್.ಐ.ವಿ. ಇರುವವರಿಗೆ ಪ್ರವೇಶ ನಿಷೇಧವಿತ್ತು. ಅದಕ್ಕೆ ಮುಂಚೆ ಗ್ರೀನ್ ಕಾರ್ಡ್ ಪಡೆದ ಹಿರಿಯರಿಗೆ ಆ ರಕ್ತಪರೀಕ್ಷೆ ನೆನಪಿರಬೇಕು. ಇದಕ್ಕೆ ಪರಿಹಾರವಿದೆ. ವೈರಾಣುವನ್ನೇ ನೇರವಾಗಿ ಹುಡುಕುವ ಬೇರೆ ಪರೀಕ್ಷೆಯಿದೆ. ಸಂಶೋಧನಾ ಕೇಂದ್ರಗಳು ಅದನ್ನು ಉಚಿತವಾಗಿ ಮಾಡಿಕೊಡುತ್ತವೆ, ಪತ್ರವನ್ನೂ ಕೊಡುತ್ತವೆ. ಆದರೂ ಸಹಿ ಹಾಕುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು.

ನಾನೂ ಇದನ್ನು ಕೇಳಿದೆ. ಕೆಲವು ವರ್ಷದ ಹಿಂದೆ ನಾನಿದ್ದ ಊರಿನಲ್ಲಿ ಇಂಥದೊಂದು ಪರೀಕ್ಷೆಗೆ ಆರೋಗ್ಯವಂತರು ಬೇಕಾಗಿದ್ದಾರೆ ಎಂದು ಓದಿ ಹೋಗಿದ್ದೆ. ಒಪ್ಪಿಗೆ ಪತ್ರವೇ ಇಪ್ಪತ್ತು ಪುಟಕ್ಕಿಂತ ಹೆಚ್ಚಿತ್ತು. ಅಲ್ಲಿನ ಸಲಹೆಗಾರ್ತಿ ಒಂದೂವರೆ ಗಂಟೆ ಕೂತು ವಿವರಿಸಿದರು. ಆಮೇಲೆ "ಈಗ ನಿಮ್ಮ ಮಾತಿನಲ್ಲಿ ಹೇಳಿ, ಏನು ಅರ್ಥವಾಯಿತು?" ಅಂದರು. ಹುಸಿಮದ್ದು ಅಂದರೇನು, ಲಸಿಕೆ ಸಿಕ್ಕಿತೆಂದು ಧೈರ್ಯವಾಗಿರಬಹುದೆ, ನಡುವೆ ಬಿಡಬಹುದೆ ಅಂತ ಸಣ್ಣ ಪರೀಕ್ಷೆಯನ್ನೇ ಕೊಟ್ಟರು. ಒಂದೂವರೆ ವರ್ಷ ಆಗಾಗ ಬರಬೇಕಿತ್ತು. ನನ್ನ ಪ್ರಾಜೆಕ್ಟು ಬೇರೆ ರಾಜ್ಯಕ್ಕೆ ಹೋಗುವುದರಲ್ಲಿತ್ತು. ಅದಕ್ಕೆ ಅವರೇ ಬೇಡವೆಂದರು. ಮನೆಗೆ ಬರುವಾಗ ಒಂದೇ ಯೋಚನೆ: "ನಿಮ್ಮ ಮಾತಿನಲ್ಲಿ ಹೇಳಿ" ಅಂತ ಬಾಗಲಕೋಟೆಯಲ್ಲೋ ಬಳ್ಳಾರಿಯಲ್ಲೋ ಒಬ್ಬರನ್ನು ಕೇಳಿದರೆ, ಆ ಮಾತು ಕನ್ನಡದಲ್ಲಿ ಸಿದ್ಧವಾಗಿದೆಯೆ?

ಒಪ್ಪಿಗೆ ಯಾವ ಭಾಷೆಯಲ್ಲಿ?

ಭಾರತದ 2019ರ ಔಷಧ ಪರೀಕ್ಷೆಗಳ ನಿಯಮದ ಪ್ರಕಾರ, ಸೇರುವವರಿಗೆ ಅರ್ಥವಾಗುವ ಭಾಷೆಯಲ್ಲೇ ವಿವರಿಸಿ ಒಪ್ಪಿಗೆ ಪಡೆಯಬೇಕು. ದುರ್ಬಲ ವರ್ಗದವರ ಒಪ್ಪಿಗೆಯನ್ನು ಕೆಲವು ಪರೀಕ್ಷೆಗಳಲ್ಲಿ ವೀಡಿಯೋ ಮಾಡಬೇಕು. ಆದರೆ ಎಚ್.ಐ.ವಿ. ಔಷಧಿಯ ಪರೀಕ್ಷೆಯಲ್ಲಿ ದನಿ ಮಾತ್ರ ಸಾಕು, ಮುಖ ಬೇಡ ಅಂತ ವಿನಾಯಿತಿ ಇದೆ. ಯಾಕೆಂದು ಹೇಳಬೇಕಾಗಿಲ್ಲ. ಮುಖ ಕಂಡರೆ ಊರು ಏನು ಮಾಡುತ್ತದೆ ಎಂಬುದು ಕಾನೂನಿಗೂ ಗೊತ್ತು!

ಒಪ್ಪಿಗೆಯನ್ನು ಕಡೆಗಣಿಸಿದರೆ ಏನಾಗುತ್ತದೆ? ನಮ್ಮ ಪಕ್ಕದ ಆಂಧ್ರದ ಖಮ್ಮಂ ಜಿಲ್ಲೆಯಲ್ಲಿ (ಈಗ ತೆಲಂಗಾಣ) 2009ರಲ್ಲಿ ಗರ್ಭಕೊರಳಿನ ಕ್ಯಾನ್ಸರ್ ತಡೆಯುವ ಎಚ್.ಪಿ.ವಿ. ಲಸಿಕೆಯನ್ನು ಶಾಲಾ ಹುಡುಗಿಯರಿಗೆ ಕೊಟ್ಟರು. ಗುಜರಾತಿನ ವಡೋದರದಲ್ಲೂ ಕೊಟ್ಟರು. ಎಷ್ಟೋ ಹುಡುಗಿಯರ ಪರವಾಗಿ ಹೆತ್ತವರ ಬದಲು ಹಾಸ್ಟೆಲ್ ವಾರ್ಡನ್‌ಗಳು ಸಹಿ ಹಾಕಿದ್ದರು. ಏಳು ಹುಡುಗಿಯರು ತೀರಿಕೊಂಡರು. ಆ ಸಾವುಗಳಿಗೆ ಲಸಿಕೆ ಕಾರಣವಲ್ಲ ಎಂದು ತನಿಖೆ ಹೇಳಿತು. ಆದರೆ ಕೇಳುವವರು ಯಾರು? 2010ರಲ್ಲಿ ಆ ಕೆಲಸ ನಿಂತಿತು, 2013ರಲ್ಲಿ ಸಂಸತ್ತಿನ ಸಮಿತಿ ಒಪ್ಪಿಗೆ ಪಡೆದ ರೀತಿಯನ್ನು ಖಂಡಿಸಿತು. ಒಳ್ಳೆಯ ಲಸಿಕೆಯೊಂದರ ಮೇಲಿನ ನಂಬಿಕೆಗೆ ವರ್ಷಗಟ್ಟಲೆ ಪೆಟ್ಟು ಬಿತ್ತು. ಲಸಿಕೆ ಸರಿಯಿದ್ದರೆ ಸಾಲದು, ಮಾತೂ ಸರಿಯಿರಬೇಕು.

ಇದಕ್ಕೆ ಎದುರಾದ ಉದಾಹರಣೆ ನಮ್ಮ ಮೈಸೂರಿನಲ್ಲೇ ಇದೆ. 1805ರಲ್ಲಿ ಥಾಮಸ್ ಹಿಕ್ಕಿ ಎಂಬ ಚಿತ್ರಕಾರ ಮೈಸೂರಿನ ಮೂವರು ರಾಜಮನೆತನದ ಹೆಂಗಸರ ಚಿತ್ರ ಬರೆದ. ಅದರಲ್ಲಿ ಒಬ್ಬಾಕೆ ಸೀರೆಯ ಸೆರಗು ಸರಿಸಿ ತೋಳಿನ ಕಡೆ ಬೆರಳು ತೋರಿಸುತ್ತಿದ್ದಾಳೆ. ಆಕೆ ಮುಮ್ಮಡಿ ಕೃಷ್ಣರಾಜ ಒಡೆಯರ ರಾಣಿ ದೇವಾಜಮ್ಮಣ್ಣಿ, ತೋರಿಸುತ್ತಿರುವುದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ ಎಂದು ಇತಿಹಾಸಕಾರ ನೈಜಲ್ ಚಾನ್ಸೆಲರ್ ವಾದಿಸುತ್ತಾರೆ. ಭಾರತಕ್ಕೆ ಆ ಲಸಿಕೆ ಬಂದು ಆಗ ಮೂರೇ ವರ್ಷವಾಗಿತ್ತು. ಅವರ ವಾದ ಸರಿಯಾದರೆ, ಜನ ಹೆದರುತ್ತಿದ್ದ ಕಾಲದಲ್ಲಿ ಅರಮನೆಯ ಹೆಣ್ಣುಮಗಳು ತೋಳು ತೋರಿಸಿ "ನಾನು ಹಾಕಿಸಿಕೊಂಡೆ" ಅಂದಳು. ಸರ್ಕಾರದ ಹತ್ತು ಡಂಗುರ ಆ ಒಂದು ತೋಳಿಗೆ ಸಮವಲ್ಲ.

ನಮ್ಮ ನಾಡಿಗೆ ಈ ವಿಷಯ ದೂರದ್ದೂ ಅಲ್ಲ. 2023ರ ಅಂದಾಜಿನಂತೆ ಭಾರತದಲ್ಲಿ 25 ಲಕ್ಷಕ್ಕೂ ಹೆಚ್ಚು ಜನ ಎಚ್.ಐ.ವಿ.ಯೊಂದಿಗೆ ಬದುಕುತ್ತಿದ್ದಾರೆ. ಕರ್ನಾಟಕದಲ್ಲಿ ಸುಮಾರು 2.8 ಲಕ್ಷ. ಮಹಾರಾಷ್ಟ್ರ, ಆಂಧ್ರ ಬಿಟ್ಟರೆ ನಾವೇ. ಸಂಶೋಧನೆಯೂ ನಮ್ಮಲ್ಲಿದೆ. ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಕೇಂದ್ರದಲ್ಲಿ ಉದಯಕುಮಾರ್ ರಂಗ ಅವರ ತಂಡ 'ಸಿ' ಬಗೆಯ ವೈರಾಣುವಿನ ಅಧ್ಯಯನ ಮಾಡಿದೆ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವನ್ ವರದರಾಜನ್ ಅವರ ತಂಡ ಲಸಿಕೆಗೆ ಬೇಕಾದ ಪ್ರೋಟೀನುಗಳನ್ನು ರೂಪಿಸುವ ಕೆಲಸ ಮಾಡಿದೆ. ನಮ್ಮ ಊರಲ್ಲೇ ನಡೆದ ಕೆಲಸ ಇದು, ಆದರೆ ಅದನ್ನು ಹೇಳುವ ಕನ್ನಡ ಲೇಖನಗಳನ್ನು ಬೆರಳಲ್ಲಿ ಎಣಿಸಬಹುದು. ಸಿನಿಮಾ ಥಿಯೇಟರಿನ ಸೀಟಿನಲ್ಲಿ ಸೂಜಿ ಇಟ್ಟಿದ್ದಾರೆ, ಜ್ಯೂಸಿನಲ್ಲಿ ಸೋಂಕಿನ ರಕ್ತ ಬೆರೆಸಿದ್ದಾರೆ ಅನ್ನುವ ಸುಳ್ಳು ಮಾತ್ರ ಚೊಕ್ಕ ಕನ್ನಡದಲ್ಲಿ ಎಲ್ಲರ ಫೋನಿಗೂ ತಲುಪುತ್ತದೆ!

ಔಷಧಿ ಇದೆಯಲ್ಲ, ಲಸಿಕೆ ಯಾಕೆ?

ಇದೂ ನ್ಯಾಯವಾದ ಪ್ರಶ್ನೆ. ಭಾರತ ಸರ್ಕಾರ 2004ರಿಂದ ಉಚಿತವಾಗಿ ಮಾತ್ರೆ ಕೊಡುತ್ತಿದೆ. ಸರಿಯಾಗಿ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಾಣು ಪತ್ತೆಯಾಗದಷ್ಟು ಇಳಿದು, ಹಾಗೆಯೇ ಉಳಿದರೆ, ಅಂಥವರಿಂದ ಲೈಂಗಿಕ ಸಂಪರ್ಕದಲ್ಲಿ ಇನ್ನೊಬ್ಬರಿಗೆ ಹರಡುವುದಿಲ್ಲ. ಈ ಒಂದು ವಾಕ್ಯ ಊರಿಗೆಲ್ಲ ಗೊತ್ತಾದರೆ ಎಷ್ಟು ಸಂಸಾರ ಉಳಿಯುತ್ತವೆ ಯೋಚಿಸಿ. 2024ರಲ್ಲಿ ಇನ್ನೊಂದು ದೊಡ್ಡ ಸುದ್ದಿ ಬಂತು. ಲೆನಕಪವಿರ್ ಎಂಬ, ಆರು ತಿಂಗಳಿಗೊಮ್ಮೆ ಕೊಡುವ ಚುಚ್ಚುಮದ್ದು. ಅದನ್ನು ಪಡೆದ ಆಫ್ರಿಕದ 2,134 ಹೆಣ್ಣುಮಕ್ಕಳಲ್ಲಿ ಒಬ್ಬರಿಗೂ ಸೋಂಕು ತಗುಲಲಿಲ್ಲ. 2025ರ ಜೂನ್‌ನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಾಗ ಅದರ ಬೆಲೆ ವರ್ಷಕ್ಕೆ 28,000 ಡಾಲರಿಗೂ ಹೆಚ್ಚಿತ್ತು. ಹೈದರಾಬಾದಿನ ಡಾ. ರೆಡ್ಡೀಸ್ ಮತ್ತು ಹೆಟೆರೊ ಕಂಪನಿಗಳು 2027ರಿಂದ ಬಡ ದೇಶಗಳಿಗೆ ವರ್ಷಕ್ಕೆ ಸುಮಾರು 40 ಡಾಲರಿಗೆ ಕೊಡುವ ಒಪ್ಪಂದ 2025ರ ಸೆಪ್ಟೆಂಬರಿನಲ್ಲಿ ಆಯಿತು.

ಆದರೆ ಇದು ಲಸಿಕೆಯಲ್ಲ. ಮೈಗೆ ಪಾಠ ಕಲಿಸುವುದಿಲ್ಲ, ಔಷಧಿ ಇರುವಷ್ಟು ದಿನ ಕಾಯುತ್ತದೆ. ವರ್ಷಕ್ಕೆರಡು ಸಲ, ಬದುಕಿನುದ್ದಕ್ಕೂ, ಆಸ್ಪತ್ರೆಯ ಬಾಗಿಲಲ್ಲಿ ನಿಂತು "ನನಗೆ ಎಚ್.ಐ.ವಿ. ಬರದಂತೆ ಚುಚ್ಚಿ" ಅಂತ ಕೇಳಬೇಕು. ಎಷ್ಟು ಜನ ಕೇಳಿಯಾರು? 2024ರಲ್ಲಿ ಜಗತ್ತಿನಲ್ಲಿ ಹೊಸದಾಗಿ ಸೋಂಕು ತಗುಲಿದವರು ಸುಮಾರು 13 ಲಕ್ಷ, ಸತ್ತವರು ಸುಮಾರು 6.3 ಲಕ್ಷ. ಮಗುವಾಗಿದ್ದಾಗಲೋ ಹದಿವಯಸ್ಸಿನಲ್ಲೋ ಎಲ್ಲರಿಗೂ ಕೊಡುವಂಥ ಲಸಿಕೆ ಬಂದರೆ ಯಾರೂ ಯಾರಿಗೂ ಏನೂ ವಿವರಿಸಬೇಕಾಗುವುದಿಲ್ಲ.

ಈ ಹೊತ್ತಿನಲ್ಲೇ ಹಣ ನಿಲ್ಲುತ್ತಿದೆ. 2025ರ ಆರಂಭದಲ್ಲಿ ಆಫ್ರಿಕದ ವಿಜ್ಞಾನಿಗಳೇ ನಡೆಸುವ ಲಸಿಕೆ ಯೋಜನೆಗೆ ಅಮೆರಿಕ ಕೊಡುತ್ತಿದ್ದ ನೆರವು ನಿಂತಿತು. ಅದೇ ವರ್ಷ ಮೇ ಕೊನೆಯಲ್ಲಿ, ಡ್ಯೂಕ್ ವಿಶ್ವವಿದ್ಯಾಲಯ ಮತ್ತು ಸ್ಕ್ರಿಪ್ಸ್ ನಡೆಸುತ್ತಿದ್ದ ಎರಡು ದೊಡ್ಡ ಲಸಿಕೆ ಸಂಶೋಧನಾ ಒಕ್ಕೂಟಗಳಿಗೆ ಹಣ ಮುಂದುವರಿಸುವುದಿಲ್ಲ ಎಂದು ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆ ತಿಳಿಸಿತು. ಅಕ್ಷರಾಭ್ಯಾಸ ಮುಗಿದು ಕಾಗುಣಿತಕ್ಕೆ ಬರುವಾಗ ಶಾಲೆಯ ಬಾಗಿಲು ಮುಚ್ಚಿದಂತೆ. ಇದನ್ನು ಕೇಳಿ ಬೀದಿಗಿಳಿದವರು ಬಹಳ ಜನ ಇರಲಿಲ್ಲ. ಯಾಕೆ? ಜನಕ್ಕೆ ಆ ಸಂಶೋಧನೆ ನಡೆಯುತ್ತಿದ್ದದ್ದೇ ಗೊತ್ತಿರಲಿಲ್ಲ. ಯಾರೂ ಮಾತಾಡದ ವಿಷಯಕ್ಕೆ ಕೊಡುವ ಹಣವನ್ನು ಕತ್ತರಿಸುವುದು ಬಹಳ ಸುಲಭ.

ನಾವೇನು ಮಾಡಬಹುದು?

1. ಪದಗಳನ್ನು ಬದಲಿಸೋಣ. 'ಏಡ್ಸ್ ರೋಗಿ', 'ಕೆಟ್ಟ ಕಾಯಿಲೆ' ಅನ್ನುವುದನ್ನು ಬಿಟ್ಟು 'ಎಚ್.ಐ.ವಿ.ಯೊಂದಿಗೆ ಬದುಕುತ್ತಿರುವವರು' ಅನ್ನೋಣ. 2017ರಲ್ಲಿ ಮಾಡಿ 2018ರ ಸೆಪ್ಟೆಂಬರಿನಿಂದ ಜಾರಿಗೆ ಬಂದ ಕಾನೂನಿನ ಪ್ರಕಾರ ಕೆಲಸ, ಶಾಲೆ, ಚಿಕಿತ್ಸೆ, ಬಾಡಿಗೆ ಮನೆ, ಎಲ್ಲೂ ಅವರಿಗೆ ಭೇದ ಮಾಡುವಂತಿಲ್ಲ ಅನ್ನುವುದನ್ನು ಊರಿನವರಿಗೆ ತಿಳಿಸೋಣ.

2. ಸುಳ್ಳು ಸುದ್ದಿ ಬಂದರೆ ಸುಮ್ಮನೆ ಅಳಿಸಬೇಡಿ. ಕಳಿಸಿದ ಚಿಕ್ಕಪ್ಪನಿಗೋ ಭಾವನಿಗೋ ಎರಡು ಸಾಲು ಕನ್ನಡದಲ್ಲಿ ಉತ್ತರಿಸಿ. ಅನುಮಾನವಿದ್ದವರಿಗೆ 1097 ಸಂಖ್ಯೆ ಕೊಡಿ. ಅದು ಭಾರತದ ಉಚಿತ ಏಡ್ಸ್ ಸಹಾಯವಾಣಿ.

3. ನಮ್ಮಲ್ಲಿ ಡಾಕ್ಟರುಗಳಿದ್ದಾರೆ, ಜೀವವಿಜ್ಞಾನಿಗಳಿದ್ದಾರೆ, ಚೆನ್ನಾಗಿ ಬರೆಯುವವರಿದ್ದಾರೆ. ಲಸಿಕೆ ಪರೀಕ್ಷೆ ಅಂದರೇನು, ಹುಸಿಮದ್ದು ಅಂದರೇನು, ಸೇರುವ ಮುಂಚೆ ಕೇಳಬೇಕಾದ ಪ್ರಶ್ನೆಗಳೇನು, ಬಿಟ್ಟು ಬರುವ ಹಕ್ಕು ಏನು, ಇಷ್ಟನ್ನು ನಾಲ್ಕು ಪುಟದ ಸರಳ ಕನ್ನಡದಲ್ಲಿ ಬರೆಯೋಣ. ಡಾಕ್ಟರು ತಪ್ಪು ನೋಡಲಿ, ಊರಿನ ಒಬ್ಬ ಅಜ್ಜಿ ಓದಿ ಅರ್ಥವಾಯಿತು ಅನ್ನಲಿ. ಆಮೇಲೇ ಹಂಚೋಣ. ನಾನು ಶುರು ಮಾಡಿದ್ದೇನೆ, ಮೂರು ಜನ ಜೊತೆಗೆ ಬೇಕು.

4. ಇಲ್ಲಿ ನಾಗರಿಕರಾದವರು ನಿಮ್ಮ ಜನಪ್ರತಿನಿಧಿಗೆ ಪತ್ರ ಬರೆಯಿರಿ. ಮತ ಇಲ್ಲದ ನನ್ನಂಥವರೂ ತೆರಿಗೆ ಕಟ್ಟುತ್ತೇವೆ, ಬರೆಯಬಹುದು. ಲಸಿಕೆ ಸಂಶೋಧನೆ ನಿಲ್ಲಬಾರದು ಅಂತ ಒಂದು ಪುಟ ಸಾಕು.

5. ನಿಮ್ಮ ಊರಿನಲ್ಲಿ ಪರೀಕ್ಷೆ ನಡೆಯುತ್ತಿದ್ದರೆ ಹೋಗಿ ಕೇಳಿ. ಸೇರಲೇಬೇಕೆಂದಿಲ್ಲ. ವೀಸಾ, ವಿಮೆ, ಮುಂದಿನ ರಕ್ತಪರೀಕ್ಷೆ, ಎಲ್ಲ ಕೇಳಿ. ತಿಳಿದು 'ಇಲ್ಲ' ಅಂದರೂ ಅದು ತಿಳಿಯದೆ ಹೆದರುವುದಕ್ಕಿಂತ ಮೇಲು.

ಸ್ನೇಹಿತರೆ, ಲಸಿಕೆ ಯಾವಾಗ ಬರುತ್ತದೆಂದು ನಾನು ತಾರೀಖು ಹೇಳುವುದಿಲ್ಲ. ತಾರೀಖು ಹೇಳಿದವರೆಲ್ಲ ಸೋತಿದ್ದಾರೆ. ಆದರೆ ಅದು ಬಂದ ದಿನ ನಮ್ಮ ತಾಲ್ಲೂಕು ಆಸ್ಪತ್ರೆಯ ಮುಂದೆ ಜನ ಸಾಲಾಗಿ ನಿಲ್ಲುತ್ತಾರೋ, ಮುಖ ಮುಚ್ಚಿಕೊಂಡು ದೂರ ಹೋಗುತ್ತಾರೋ ಎನ್ನುವುದು ಪ್ರಯೋಗಾಲಯದಲ್ಲಿ ತೀರ್ಮಾನವಾಗುವುದಿಲ್ಲ. ನಮ್ಮ ಮನೆಗಳಲ್ಲಿ, ನಮ್ಮ ಫೋನ್ ಮಾತುಗಳಲ್ಲಿ ತೀರ್ಮಾನವಾಗುತ್ತದೆ. ಈ ಭಾನುವಾರ ಊರಿಗೆ ಫೋನ್ ಮಾಡಿದಾಗ ಐದು ನಿಮಿಷ ಈ ವಿಷಯ ತೆಗೆಯಿರಿ. ಮೊದಲು ಬೈಯುತ್ತಾರೆ. ಆಮೇಲೆ ಒಂದು ಒಳ್ಳೆಯ ಪ್ರಶ್ನೆ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡಲು ಸಿದ್ಧರಾಗಿರಿ.

 ಆ ನಾಲ್ಕು ಪುಟದ ಕೆಲಸಕ್ಕೆ ಸೇರುವವರು ಊಟಕ್ಕೆ ಹೋಗುವ ಮೊದಲು ನನಗೆ ಹೆಸರು ಕೊಟ್ಟು ಹೋಗಿ.

ಸಿರಿಗನ್ನಡಂ ಗೆಲ್ಗೆ!